ಸಾಲಿನ ಕೊನೆಯ ಜಾಗ

ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ತಗಡಿನ ಶೀಟಿನ ಕೆಳಗೆ, ಕಾಂಪೌಂಡ್ ಗೋಡೆಗೆ ಬೆನ್ನು ಮಾಡಿ ಏಳು ಕಾರು ನಿಲ್ಲುತ್ತವೆ. ನಮ್ಮದು ಏಳನೆಯದು. ಅದರ ಬಲಕ್ಕೆ ಪಕ್ಕದ ಸೈಟಿನ ಗೋಡೆ, ಎಡಕ್ಕೆ ಆರನೆಯವರ ಕಾರು. ಹೋದ ಮಳೆಗಾಲದ ಒಂದು ಸಂಜೆ ಅಮ್ಮನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ವಾಪಸಾಗಿದ್ದೆ. ಅವರಿಗೆ ಮಂಡಿ ಆಪರೇಷನ್ ಆಗಿ ಆರು ವಾರವಾಗಿತ್ತು, ಕಾಲು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಮಳೆ ಜೋರಾಗಿದ್ದರಿಂದ ನೇರವಾಗಿ ಶೀಟಿನ ಕೆಳಗೇ ರಿವರ್ಸ್ ಹಾಕಿದೆ. ಅಮ್ಮ ಬಾಗಿಲು ತೆಗೆದರು. ಒಂದೂವರೆ ಗೇಣು ತೆರೆಯುವಷ್ಟರಲ್ಲಿ ಅದರ ಅಂಚು ಪಕ್ಕದ ಕಾರಿಗೆ ತಾಗಿತು. ಅವರು ಮೊದಲು ಊರುಗೋಲನ್ನು ಹೊರಗಿಟ್ಟರು, ಆಮೇಲೆ ಗಟ್ಟಿಯಿರುವ ಕಾಲನ್ನು. ಆಪರೇಷನ್ ಆದ ಕಾಲು ಒಳಗೇ ಉಳಿಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಲು ನೋಡಿದಾಗ ಮಂಡಿ ಬಾಗಿಲಿಗೆ ಬಡಿಯಿತು. "ಇರ್ಲಿ ಬಿಡೋ, ಹೊರಗೆ ತಗೊಂಡ್ಹೋಗಿ ನಿಲ್ಸು. ನೆಂದ್ರೆ ಏನಾಗತ್ತೆ," ಅಂದರು. ಹಾಗೇ ಮಾಡಿದೆ. ಮಳೆಯಲ್ಲೇ ಇಳಿದರು.

ಮಾರನೆಯ ದಿನ ಸಿಟ್ಟಿನಲ್ಲೇ ಕೆಳಗೆ ಹೋಗಿ ನೋಡಿದೆ. ಆರನೆಯ ಕಾರಿನ ನಾಲ್ಕೂ ಚಕ್ರ ಅವರ ಹಳದಿ ಗೆರೆಯೊಳಗೇ ಇದ್ದವು. ನಮ್ಮ ಕಡೆಯ ಗೆರೆಗೆ ನಾಲ್ಕೈದು ಬೆರಳು ಬಿಟ್ಟು ನಿಂತಿತ್ತು, ದಾಟಿರಲಿಲ್ಲ. ಅಸೋಸಿಯೇಷನ್‌ನವರೂ ಅದನ್ನೇ ಕೇಳಿದರು: "ಗೆರೆ ದಾಟಿದಾರಾ ಸಾರ್?" ಇಲ್ಲವೆಂದೆ. ಮಾತು ಅಲ್ಲಿಗೇ ಮುಗಿಯಿತು.

ಆ ದಿನದಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಯಾವ ನಿಯಮವನ್ನೂ ಮುರಿಯದೆ, ತನ್ನ ಪಾಲಿನ ಜಾಗದೊಳಗೇ ಇದ್ದುಕೊಂಡು ಒಬ್ಬರು ಇನ್ನೊಬ್ಬರಿಗೆ ತಪ್ಪು ಮಾಡಬಹುದೇ? ಮಾಡಬಹುದು ಎನ್ನುವುದು ನನ್ನ ವಾದ. ಕಾರನ್ನು ಅಚ್ಚುಕಟ್ಟಾಗಿ ನಿಲ್ಲಿಸುವ ವಿಷಯದಲ್ಲಿ ನಮಗಾಗುವ ಕಿರಿಕಿರಿಯೆಲ್ಲ ಆ ತಪ್ಪನ್ನು ಹೆಸರಿಸಲಾಗದ ಕಿರಿಕಿರಿ ಎಂದೂ ನನಗೆ ಅನ್ನಿಸುತ್ತದೆ. ಅಡ್ಜಸ್ಟ್ ಮಾಡಿಕೊಳ್ಳಿ, ಇಷ್ಟು ಸಣ್ಣದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎನ್ನುವವರನ್ನು ಒಪ್ಪುವುದು ನನ್ನಿಂದಾಗದು. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾವಾಗಲೂ ಆಮೇಲೆ ಬಂದವರೇ ಆಗಿರುತ್ತಾರೆ.

ಓಡುವ ಕಾರಿನಲ್ಲಿ ನಮ್ಮ ನಡತೆಯನ್ನು ತಿದ್ದಲು ಎದುರಿಗೆ ಜನ ಇರುತ್ತಾರೆ. ಹಾರ್ನ್ ಇದೆ, ಕೈಸನ್ನೆ ಇದೆ, ಗಾಜಿಳಿಸಿ ಬೈಯುವವರಿದ್ದಾರೆ, ದಾರಿ ಬಿಟ್ಟರೆ ತಲೆಯಾಡಿಸಿ ಹೋಗುವವರೂ ಇದ್ದಾರೆ. ನಿಂತ ಕಾರಿನಲ್ಲಿ ಯಾರೂ ಇಲ್ಲ. ಕೀಲಿ ಜೇಬಿಗೆ ಹಾಕಿಕೊಂಡು ನಾನು ಮೂರನೆಯ ಮಹಡಿಯಲ್ಲಿ ಊಟಕ್ಕೆ ಕೂತಿರುತ್ತೇನೆ, ಕೆಳಗೆ ನನ್ನ ಕಾರು ಇಡೀ ರಾತ್ರಿ ಯಾರದೋ ಬಾಗಿಲನ್ನು ತಡೆದಿರುತ್ತದೆ. ನಾವಿಲ್ಲದ ಕಡೆ ನಮ್ಮ ಪರವಾಗಿ ಗಂಟೆಗಟ್ಟಲೆ ಬೇರೆಯವರ ಜತೆ ವ್ಯವಹರಿಸುವ ಇಂಥ ವಸ್ತು ಇನ್ನೊಂದಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ಚಪ್ಪಲಿ ಬಿಟ್ಟರೆ ಅಜ್ಜಿ ಗದರುತ್ತಿದ್ದರಲ್ಲ, ಅದೇ ಮಾತು. ಚಪ್ಪಲಿಯನ್ನಾದರೆ ದಾಟುವವರು ಕಾಲಲ್ಲಿ ಸರಿಸಬಹುದು.

ಅಳತೆಯ ಮಾತನ್ನೂ ಸ್ವಲ್ಪ ಆಡಬೇಕು. ನಮ್ಮಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಜಾಗ 2.5 ಮೀಟರ್ ಅಗಲ, 5 ಮೀಟರ್ ಉದ್ದ. 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800 ಒಂದೂವರೆ ಮೀಟರ್ ಅಗಲವೂ ಇರಲಿಲ್ಲ. ಎರಡು 800ಗಳು ತಂತಮ್ಮ ಗೆರೆಗಳ ಸರಿ ನಡುವೆ ನಿಂತರೆ ಅವುಗಳ ನಡುವೆ ಒಂದು ಮೀಟರಿಗೂ ಹೆಚ್ಚು ಜಾಗ ಉಳಿಯುತ್ತಿತ್ತು. ಸ್ವಲ್ಪ ಸೊಟ್ಟಗೆ ನಿಲ್ಲಿಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಸಣ್ಣ ಕಾರುಗಳಿಗೆ ಎಕ್ಸೈಸ್ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಕಡಿವಾಣ ಬಿದ್ದದ್ದು ಉದ್ದಕ್ಕೆ, ಅಗಲಕ್ಕಲ್ಲ. ಈಗ ಜನ ಇಷ್ಟಪಟ್ಟು ಕೊಳ್ಳುವ ಎಸ್‌ಯುವಿಗಳ ಅಗಲ ಸುಮಾರು 1.8 ಮೀಟರ್. ಎರಡರ ನಡುವೆ ಉಳಿಯುವುದು 70 ಸೆಂಟಿಮೀಟರ್, ಅದೂ ಇಬ್ಬರೂ ಸರಿ ನಡುವೆ ನಿಲ್ಲಿಸಿದರೆ. ಮಗುವನ್ನು ಎತ್ತಿಕೊಂಡವರು, ತುಂಬು ಬಸುರಿ, ನಮ್ಮಮ್ಮನಂಥವರು ಎಲ್ಲರೂ ಇಳಿಯಬೇಕಾದದ್ದು ಆ 70 ಸೆಂಟಿಮೀಟರಿನಲ್ಲಿ. ಗೆರೆಗಳು ಹಳೆಯವೇ ಇವೆ, ತಪ್ಪಿಗಿದ್ದ ಅವಕಾಶ ಮಾತ್ರ ಕರಗಿಹೋಗಿದೆ.

ನೆಟ್ಟಗೆ ನಿಲ್ಲಿಸುವುದು ಕಷ್ಟದ ಕೆಲಸವೂ ಹೌದು, ಅದನ್ನು ಮರೆತು ಬೈಯುವುದು ಅನ್ಯಾಯ. ತಿರುಗುವುದು ಮುಂದಿನ ಚಕ್ರಗಳು ಮಾತ್ರ. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ಓರೆಯಾಗಿ ತಿರುಗುವ ಈ ಏರ್ಪಾಡು ಕುದುರೆ ಗಾಡಿಗಳ ಕಾಲದ್ದು. ಮಾಡಿದವನು ಮ್ಯೂನಿಕ್‌ನ ಬಂಡಿ ತಯಾರಕ ಲಾಂಕೆನ್ಸ್‌ಪರ್ಗರ್, ಹೆಸರು ಉಳಿದದ್ದು 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಆಕರ್‌ಮನ್‌ನದು. ಮುಂದಕ್ಕೆ ಹೋಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಹಾಗಾಗಿ ಮೂತಿ ಜಾಗದೊಳಗೆ ಸಲೀಸಾಗಿ ನುಗ್ಗಿದರೂ ಹಿಂಬಾಗಿಲು ಪಕ್ಕದ ಕಾರಿಗೆ ಉಜ್ಜುತ್ತದೆ. ರಿವರ್ಸ್‌ನಲ್ಲಾದರೆ ತಿರುಗಲಾರದ ಚಕ್ರಗಳು ಮೊದಲು ಒಳಸೇರುತ್ತವೆ, ತಿರುಗುವ ಮೂತಿಗೆ ಹೊರಗೆ ಬಯಲು ಸಿಗುತ್ತದೆ. ಇದನ್ನು ಕನ್ನಡಿಯಲ್ಲಿ, ಎಡಬಲ ಅದಲುಬದಲಾದಂತೆ ಕಾಣುವಾಗ, ಹಿಂದೆ ಇನ್ನೊಬ್ಬರು ಹಾರ್ನ್ ಹೊಡೆಯುತ್ತಿರುವಾಗ ಮಾಡಬೇಕು. ಕೈ ನಡುಗುವ ಹೊಸಬರಿರುತ್ತಾರೆ, ಕುತ್ತಿಗೆ ತಿರುಗದ ವಯಸ್ಸಾದವರಿರುತ್ತಾರೆ. ಅವರು ಸೊಟ್ಟಗೆ ನಿಲ್ಲಿಸಿದ್ದನ್ನು ನಾನು ತಪ್ಪೆನ್ನಲಾರೆ.

ತಪ್ಪೋ ಸರಿಯೋ ತೀರ್ಮಾನವಾಗುವುದು ಮೊದಲ ಪ್ರಯತ್ನದಲ್ಲಿ ಅಲ್ಲವೇ ಅಲ್ಲ. ಒಂದು ಸಲ ಹಾಕಿ, ಇಂಜಿನ್ ಆಫ್ ಮಾಡಿ, ಇಳಿದು ನೋಡುತ್ತೇವೆ: ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಮತ್ತೆ ಹತ್ತಿ, ಮುಂದೆ ತೆಗೆದು, ಸ್ಟಿಯರಿಂಗ್ ನೇರ ಮಾಡಿಕೊಂಡು ಹಿಂದೆ ಹಾಕಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಿಂದ ನಮಗೆ ಏನೂ ಸಿಗುವುದಿಲ್ಲ, ನಮ್ಮ ಬಾಗಿಲು ಆಗಲೇ ತೆರೆದಾಗಿದೆ. ಅದು ಪೂರ್ತಿಯಾಗಿ ಇನ್ನೂ ಬಂದಿರದ, ಮುಖ ಕಾಣದ ಒಬ್ಬರಿಗಾಗಿ. ಥ್ಯಾಂಕ್ಸ್ ಹೇಳಲು ಅವರಿಗೆ ನಾವು ಸಿಗುವುದಿಲ್ಲ. ಇಂಥದ್ದೊಂದು ಆಗಿದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಎದುರಿಗೆ ನಿಂತವರಿಗೆ ಒಳ್ಳೆಯದು ಮಾಡುವುದಕ್ಕಿಂತ ಇದು ಕಷ್ಟ ಎಂದು ನಾನು ನಂಬಿದ್ದೇನೆ. ಎದುರಿಗೆ ಕಾದು ನಿಂತವರಿಗೇ ನಾವು ಸಲೀಸಾಗಿ ಜಾಗ ಬಿಡುವುದಿಲ್ಲ. ಅಟ್ಲಾಂಟಾದ ಮಾಲ್ ಒಂದರಲ್ಲಿ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಜಾಗಕ್ಕಾಗಿ ಇನ್ನೊಬ್ಬರು ಕಾಯುತ್ತಿದ್ದರೆ ಜನ ತಮ್ಮ ಕಾರನ್ನು ಹೊರತೆಗೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು, ಕಾಯುವವರು ಹಾರ್ನ್ ಹೊಡೆದರೆ ಇನ್ನೂ ಹೆಚ್ಚು. ಬಿಟ್ಟು ಹೊರಟ ಜಾಗದ ಮೇಲೂ ಒಡೆತನದ ಭಾವ ಅಷ್ಟು ಬೇಗ ಬೇರೂರುತ್ತದೆ.

ಇಷ್ಟೆಲ್ಲ ಯೋಚಿಸಿಕೊಂಡು ಒಂದು ರಾತ್ರಿ ಆರನೆಯವರ ಜತೆ ಮಾತಾಡಲು ಇಳಿದೆ. ಅವರು ತಾವು ಆ ಕಡೆ ಸರಿಯಲಾಗದ ಕಾರಣವನ್ನು ತೋರಿಸಿದರು: ಐದನೆಯ ಕಾರು ಇವರ ಕಡೆಗೆ ಒಂದು ಗೇಣು ಸರಿದಿತ್ತು. ಐದನೆಯದು ಸರಿದದ್ದಕ್ಕೆ ನಾಲ್ಕನೆಯದು ಕಾರಣ. ಹೀಗೆ ಟಾರ್ಚ್ ಹಿಡಿದು ಒಂದೊಂದೇ ಗೆರೆ ನೋಡುತ್ತಾ ಸಾಲಿನ ತಲೆಗೆ ಬಂದರೆ ಅಲ್ಲಿ ಜನರೇಟರಿಗೂ ಮೊದಲ ಕಾರಿಗೂ ನಡುವೆ, ಗೆರೆಯ ಮೇಲೆ ಒಂದು ಗೇಣು ಹತ್ತಿ, ಒಂದು ಹಳೆಯ ಟಿವಿಎಸ್ ಮೊಪೆಡ್ ನಿಂತಿತ್ತು. ರಾತ್ರಿ ಪಾಳಿಯ ಸೆಕ್ಯೂರಿಟಿಯವರದು. ಅದು ಇಲ್ಲದ ಹಗಲಿನಲ್ಲೂ ಕಾರುಗಳೆಲ್ಲ ಆ ಅಳತೆಗೇ ಒಗ್ಗಿಹೋಗಿದ್ದವು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆರೂ ಕಾರುಗಳು ಒಂದೊಂದು ಗೇಣು ಸರಿದಿದ್ದವು, ಎಲ್ಲವೂ ತಂತಮ್ಮ ಗೆರೆಯೊಳಗೇ ಇದ್ದವು. ಎಲ್ಲರೂ ಒಂದೇ ಅಳತೆಗೆ ಸರಿದದ್ದರಿಂದ ನಡುವಿನ ಯಾರಿಗೂ ಏನೂ ನಷ್ಟವಿಲ್ಲ, ಅವರ ನಡುವಿನ ಜಾಗ ಮೊದಲಿನಷ್ಟೇ ಇತ್ತು. ನಷ್ಟವೆಲ್ಲ ಕೂಡಿ ಬಂದು ಗೋಡೆ ಪಕ್ಕದ ಕೊನೆಯ ಬಾಗಿಲಿನಲ್ಲಿ ನಿಂತಿತ್ತು. ನನ್ನ ಪಕ್ಕದಲ್ಲಿ ಗೋಡೆಯ ಬದಲು ಎಂಟನೆಯ ಕಾರು ಇದ್ದಿದ್ದರೆ ನಾನೂ ಒಂದು ಗೇಣು ಸರಿದು, ನಿಶ್ಚಿಂತೆಯಾಗಿ ಮೇಲೆ ಹೋಗಿ ಮಲಗುತ್ತಿದ್ದೆ. ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1984ರಲ್ಲಿ ಬರೆದ ಪುಸ್ತಕದಲ್ಲಿ ನೈತಿಕ ಲೆಕ್ಕಾಚಾರದಲ್ಲಿ ನಾವು ಮಾಡುವ ತಪ್ಪುಗಳನ್ನು ಬಿಡಿಸಿಟ್ಟಿದ್ದಾನೆ. ನನ್ನೊಬ್ಬನ ಕೆಲಸದಿಂದ ಯಾರಿಗೂ ತಿಳಿಯುವಷ್ಟು ಕೆಡುಕಾಗದಿದ್ದರೆ ಅದು ತಪ್ಪೇ ಅಲ್ಲ ಎಂದುಕೊಳ್ಳುವುದು ಅವುಗಳಲ್ಲೊಂದು. ಎಲ್ಲರ ಕೆಲಸ ಸೇರಿ ಏನಾಗುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು ಎನ್ನುತ್ತಾನೆ ಅವನು. ನನಗೆ ಅದು ಪುಸ್ತಕದಲ್ಲಿ ಅರ್ಥವಾಗಿತ್ತು. ಮನಸ್ಸಿಗೆ ಇಳಿದದ್ದು ಆ ರಾತ್ರಿ, ಮೊಪೆಡ್ ಪಕ್ಕದಲ್ಲಿ.

ನಾನು ಗಾಡಿಯ ಮಾತೆತ್ತಿದ್ದೇ ತಡ, ಸೆಕ್ಯೂರಿಟಿಯವರು ಗಾಬರಿಯಾಗಿ ಎದ್ದರು. "ತಪ್ಪಾತ್ರಿ ಸರ, ತಗೀತೀನಿ. ಹೊರಗ ಹಚ್ಚಿದ್ರ ಪೆಟ್ರೋಲ್ ಕದೀತಾರ್ರಿ." ಬೇಡ, ಕೂತುಕೊಳ್ಳಿ ಎಂದು ನಡೆದದ್ದೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿ, "ನಮ್ ಕಾಲುವಿ ಕಥಿನೂ ಇದೇ ಅದ ರೀ," ಅಂದರು. ಅವರ ಊರು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ಆ ಯೋಜನೆಯನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯ ಹೊಲಗಳಿಗೆ ನೀರು ಮುಟ್ಟದಾಯಿತು. ಒಬ್ಬೊಬ್ಬ ರೈತನನ್ನು ಕೇಳಿದರೆ ತನ್ನ ಹೊಲದ ಮುಂದೆ ಹರಿಯುವ ನೀರಿನಲ್ಲಿ ತಾನು ತೆಗೆದುಕೊಂಡದ್ದು ಎಷ್ಟೂ ಅಲ್ಲ ಎನ್ನುತ್ತಾನೆ, ಅದು ನಿಜವೂ ಇರಬಹುದು. "ಮ್ಯಾಲಿನವ್ರೇನು ಕೆಟ್ಟವರಲ್ರಿ. ನಮ್ ಹೊಲಾ ಅವ್ರಿಗೆ ಕಾಣಂಗಿಲ್ಲ, ಅಷ್ಟ." ಅವರು ಎರಡು ಎಕರೆ ಬಿಟ್ಟು ಬೆಂಗಳೂರಿಗೆ ಬಂದದ್ದು ಹಾಗೆ.

ಕಾಲುವೆಯ ನೀರು ಮುಟ್ಟುವ ಅಷ್ಟೂ ನೆಲವನ್ನು ನಾವು ಅಚ್ಚುಕಟ್ಟು ಎನ್ನುತ್ತೇವೆ. ಸೊಗಸಾಗಿ, ಕ್ರಮವಾಗಿ ಇರುವುದಕ್ಕೂ ಅದೇ ಮಾತು. ಎರಡು ಅರ್ಥಗಳೂ ಹೇಗೆ ಕೂಡಿದವೆಂದು ಭಾಷಾತಜ್ಞರು ಹೇಳಲಿ; ನನಗೆ ಮಾತ್ರ ಇವೆರಡನ್ನು ಈಗ ಬೇರೆಬೇರೆ ಮಾಡಿ ನೋಡಲಾಗುತ್ತಿಲ್ಲ. ಕಾಲುವೆಯ ತಲೆಯಲ್ಲಿ ಗದ್ದೆ ಎಷ್ಟೇ ಹಸಿರಾಗಿರಲಿ, ಕೊನೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ಅಚ್ಚುಕಟ್ಟು ಪೂರ್ತಿಯಾಗುವುದಿಲ್ಲ. ಕಾರಿನ ಸಾಲನ್ನೂ ಕೊನೆಯಿಂದಲೇ ಅಳೆಯಬೇಕು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ಕಾರಿದ್ದವರ ಕಷ್ಟ ದೊಡ್ಡದೇ? 2.5ರಿಂದ 5ನ್ನು ಗುಣಿಸಿದರೆ ಹನ್ನೆರಡೂವರೆ ಚದರ ಮೀಟರ್, ಅಂದರೆ ಸುಮಾರು 135 ಚದರಡಿ. ಸೆಕ್ಯೂರಿಟಿಯವರು ಇನ್ನು ಮೂವರ ಜತೆ ಬಾಡಿಗೆಗಿರುವ ರೂಮು ಹತ್ತಕ್ಕೆ ಹತ್ತು. ಏಳು ಕಾರುಗಳಿಗೆ ಗೆರೆ ಎಳೆದವರು ಆ ಕಾರುಗಳನ್ನು ಕಾಯುವವರ ಗಾಡಿಗೆ ಗೆರೆ ಎಳೆದಿರಲಿಲ್ಲ. ಸಾಲು ಸೊಟ್ಟಗಾಗಲು ಮೊದಲ ಕಾರಣ ಮೊಪೆಡ್ ಎಂದು ನಾನು ಅಂದುಕೊಂಡದ್ದು ತಪ್ಪಾಗಿತ್ತು. ಕಾರಣ ಆ ಎಳೆಯದ ಗೆರೆ. ಗೆರೆಯೊಳಗಿದ್ದೇನೆ ಎಂಬ ಸಮರ್ಥನೆ ಇಲ್ಲಿ ಇನ್ನೂ ಸಡಿಲವಾಗುತ್ತದೆ. ಮುಂಬೈಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ, ಮಹಾರಾಷ್ಟ್ರದ ಕಾಯ್ದೆಯ ಹಿನ್ನೆಲೆಯಲ್ಲಿ, ಸುಪ್ರೀಂ ಕೋರ್ಟ್ 2010ರಲ್ಲಿ ಬಿಲ್ಡರ್ ಪಾರ್ಕಿಂಗ್ ಜಾಗವನ್ನು ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಜಾಗದ ಭಾಗ ಎಂದಿತು. ಹಾಗೆ ನೋಡಿದರೆ, ನಾವು ನನ್ನ ಸ್ಲಾಟ್ ಎನ್ನುವ ನೆಲದಲ್ಲಿ ಎಲ್ಲರ ಪಾಲೂ ಇದೆ. ಹಾಗೆಂದು ಕಾರೇ ಅನ್ಯಾಯ, ಅದನ್ನು ಹೇಗೆ ನಿಲ್ಲಿಸಿದರೂ ಒಂದೇ ಎನ್ನುವುದನ್ನೂ ಒಪ್ಪಲಾರೆ. ಇಷ್ಟು ಜಾಗ ಹಿಡಿದವರ ಮೇಲೆ ಆ ಅರ್ಧ ನಿಮಿಷದ ಹೊಣೆ ಹೆಚ್ಚಾಗುತ್ತದೆ.

ಟೇಪು ತಂದು ಅಳೆದೆವು. ನಮ್ಮದು ಸಣ್ಣ ಕಾರು, ಮೂರೂಮುಕ್ಕಾಲು ಮೀಟರ್ ಕೂಡ ಉದ್ದವಿಲ್ಲ. ಅದರ ಹಿಂದೆ ಗೋಡೆಯ ಬದಿಗೆ ಮೊಪೆಡ್ ಅಡ್ಡಲಾಗಿ ನಿಲ್ಲುವಷ್ಟು ಜಾಗ ಉಳಿಯುತ್ತದೆ. ಅವರ ಪಾಳಿ ರಾತ್ರಿ ಎಂಟಕ್ಕೆ ಶುರು, ನಾನು ಆಫೀಸಿನಿಂದ ಬರುವುದು ಎಂಟೂವರೆಗೆ. ಬೆಳಗ್ಗೆ ಅವರು ಎಂಟಕ್ಕೆ ಹೊರಡುವಷ್ಟರಲ್ಲಿ ನಾನು ಕಾರು ತೆಗೆದಿರುತ್ತೇನೆ. ಭಾನುವಾರ ಮಾತ್ರ ಕೀಲಿ ಹಿಡಿದು ಎಂಟಕ್ಕೆ ಕೆಳಗಿಳಿಯುತ್ತೇನೆ.

ಎರಡು ವಾರದಲ್ಲಿ ಮೊದಲ ಕಾರು ತಾನಾಗಿ ಜನರೇಟರ್ ಕಡೆಗೆ ಸರಿಯಿತು. ಎರಡನೆಯವರೂ ಮೂರನೆಯವರೂ ಸರಿದರು. ನಾಲ್ಕನೆಯವರಿಗೆ ಎರಡು ಸಲ ಹೇಳಿದ್ದೇನೆ, ಕಾರು ಇನ್ನೂ ಹಳೆಯ ಅಳತೆಯಲ್ಲೇ ನಿಲ್ಲುತ್ತಿದೆ. ಆರನೆಯವರು ಇರುವಷ್ಟರಲ್ಲೇ ಒಂದಿಷ್ಟು ಆಚೆ ಹೋಗಿದ್ದಾರೆ. ರಾತ್ರಿ ನಾನು ರಿವರ್ಸ್ ಹಾಕುವಾಗ ಸೆಕ್ಯೂರಿಟಿಯವರು ಮೊಪೆಡ್ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಾರೆ. "ಬರ್ರಿ ಸರ, ಬರ್ರಿ… ಇನ್ನಾ ಜಾಗ ಅದ… ಸಾಕ್ರಿ." ಇಳಿದು ಎರಡೂ ಕಡೆ ನೋಡಿ, ಬೇಕೆನಿಸಿದರೆ ಇನ್ನೊಂದು ಸಲ ತೆಗೆದು ಹಾಕುತ್ತೇನೆ. ಅಮ್ಮನ ಕಡೆಯ ಬಾಗಿಲು ಈಗ ಎರಡು ಗೇಣು ತೆರೆಯುತ್ತದೆ. ಅವರಿಗೆ ಮೂರು ಬೇಕು.