ನೋವಿಲ್ಲದ ಕಲ್ಲು

ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತಾರೆ. ಪಿತ್ತನಾಳದಲ್ಲಿ ಕಲ್ಲಿದೆ ಎಂದು ವರದಿ ಬರುತ್ತದೆ. ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತಿದೆ. ಹನೂರಿನ ರೈತರಾಗಲಿ, ಕೊಳ್ಳೇಗಾಲದ ನೇಕಾರರಾಗಲಿ ಆಗ ಕೇಳುವುದು ಒಂದೇ ಮಾತು: ಕಾಡದ ಕಲ್ಲನ್ನು ತೆಗೆಸಲೇಬೇಕೆ?

ಕಲ್ಲು ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಪಿತ್ತಕೋಶದೊಳಗೆ ಸುಮ್ಮನಿರುವ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಅಂಥ ನೂರು ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬಿಬ್ಬರಿಗಷ್ಟೇ ತೊಂದರೆ ಕಾಣಿಸಿಕೊಳ್ಳುತ್ತದೆ. ಪಿತ್ತನಾಳದ ವಿಷಯ ಬೇರೆ. ಪಿತ್ತರಸ ಕರುಳಿಗೆ ಇಳಿಯುವ ಆ ದಾರಿಯ ಅಗಲ ಸುಮಾರು 6 ಮಿಲಿಮೀಟರ್. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ನಾಳಕ್ಕೆ ಸೋಂಕು ತಗಲಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಅದಕ್ಕೇ ಯುರೋಪಿನ ಎಂಡೋಸ್ಕೋಪಿ ತಜ್ಞರ 2019ರ ಮಾರ್ಗಸೂಚಿ, ದೇಹ ತಡೆದುಕೊಳ್ಳುವಂತಿದ್ದರೆ ನೋವಿಲ್ಲದಿದ್ದರೂ ಕಲ್ಲು ತೆಗೆಸಿಕೊಳ್ಳಿ ಎನ್ನುತ್ತದೆ.

ನೋವು ಬರಲೆಂದು ಕಾಯಬಾರದು ಎಂಬ ಪಾಠ ಯಳಂದೂರಿಗೆ ಹೊಸದಲ್ಲ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಈ ತಾಲ್ಲೂಕಿನಲ್ಲಿ ಕೆಲಸ ಶುರುಮಾಡಿದ್ದೇ ಕುಷ್ಠರೋಗದ ವಿರುದ್ಧ. ಕುಷ್ಠದ ಮಚ್ಚೆಗೆ ಸ್ಪರ್ಶವೇ ತಿಳಿಯುವುದಿಲ್ಲ. ನೋವಿಲ್ಲವೆಂದು ಬಿಟ್ಟವರಿಗೆ ಕೈಕಾಲು ಊನವಾದವು, ಬೇಗ ಪತ್ತೆಯಾದವರು ಮಾತ್ರೆಯಿಂದಲೇ ಗುಣವಾದರು.

ಪಿತ್ತನಾಳದ ಕಲ್ಲಿಗೆ ಅಷ್ಟು ಸಲೀಸಾದ ಚಿಕಿತ್ಸೆ ಇಲ್ಲ. ಇಆರ್‌ಸಿಪಿ ಎಂಬ ವಿಧಾನದಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳದ ತುದಿಯನ್ನು ಸ್ವಲ್ಪ ಕೊಯ್ದು ಕಲ್ಲನ್ನು ಹೊರಗೆಳೆಯುತ್ತಾರೆ. ಆಮೇಲೆ ನೂರಕ್ಕೆ 3ರಿಂದ 10 ಜನರಿಗೆ ಮೇದೋಜೀರಕದ ಉರಿಯೂತ ಬರುತ್ತದೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರೂ ಅಪರೂಪಕ್ಕೆ ಅದು ಪ್ರಾಣಕ್ಕೇ ಎರವಾಗುತ್ತದೆ. ಲಕ್ಷಣವೇ ಇಲ್ಲದವರಲ್ಲಿ ಈ ಅಪಾಯ ಇನ್ನೂ ಹೆಚ್ಚೆಂದು ಜಪಾನಿನ ಅಧ್ಯಯನಗಳು ತೋರಿಸಿವೆ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳುವುದು ವೈದ್ಯರ ಧರ್ಮ, ಕೇಳಿ ತಿಳಿಯುವುದು ರೋಗಿಯ ಹಕ್ಕು.

ಹಾಗಾಗಿ ಅವಸರವೂ ಬೇಡ, ಅಸಡ್ಡೆಯೂ ಬೇಡ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ನಾಳದ ಕಲ್ಲು ಯಾವಾಗಲೂ ಸ್ಪಷ್ಟವಾಗಿ ಕಾಣುವುದಿಲ್ಲ. ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಮಾಡಿಸಿ ಖಾತ್ರಿಪಡಿಸಿಕೊಳ್ಳಬೇಕು. ಸಣ್ಣ ಕಲ್ಲು ತಾನಾಗಿಯೇ ಜಾರಿಹೋಗುವುದೂ ಉಂಟು. ತೀರಾ ವಯಸ್ಸಾದ, ಹೃದಯದ ತೊಂದರೆಯಿರುವ ಅಜ್ಜಿಗೆ ಕಾದು ನೋಡುವುದೇ ಲೇಸಾಗಬಹುದು. ನಲವತ್ತರ ಗಟ್ಟಿಮುಟ್ಟಾದ ಮಗನಿಗೆ ತೆಗೆಸುವುದೇ ಒಳಿತಾಗಬಹುದು.

ನಮ್ಮ ಕಡೆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಲೆ ಮಹದೇಶ್ವರ ಬೆಟ್ಟದ ಆಚೀಚಿನ ಕಾಡಂಚಿನ ಊರಿನವರು ಘಾಟಿ ಇಳಿದು, ಹನೂರು, ಕೊಳ್ಳೇಗಾಲ ದಾಟಿ ಮೈಸೂರು ಮುಟ್ಟುವ ಹೊತ್ತಿಗೆ ಸೋಂಕು ರಕ್ತಕ್ಕೇ ಇಳಿದಿರಬಹುದು. ನಡುರಾತ್ರಿ ಜ್ವರದಲ್ಲಿ ನಡುಗುತ್ತಾ ಹೋಗುವುದಕ್ಕಿಂತ ಹಗಲಲ್ಲಿ, ಕೈ ಪಳಗಿದ ತಜ್ಞರಲ್ಲಿ, ಮೊದಲೇ ಗೊತ್ತುಮಾಡಿಕೊಂಡು ತೆಗೆಸುವುದು ಅಂಥವರಿಗೆ ಎಷ್ಟೋ ಮೇಲು.

ಬಾಳೆದಿಂಡಿನ ರಸ ಕುಡಿದರೆ ಈ ಕಲ್ಲು ಕರಗುವುದಿಲ್ಲ. ನಾಳ ಕಟ್ಟಿಕೊಂಡು ಬಂದ ಕಾಮಾಲೆ ನಾಟಿ ಔಷಧಕ್ಕೆ ಬಗ್ಗುವುದಿಲ್ಲ. ಕಲ್ಲಿದೆ ಎಂದು ವರದಿ ಬಂದಿದ್ದರೆ ಅದನ್ನು ಬೀರುವಿನಲ್ಲಿಟ್ಟು ಮರೆಯದೆ ತಜ್ಞರಿಗೆ ತೋರಿಸಿ. ತೆಗೆಸಿದರೆ ಏನು, ಬಿಟ್ಟರೆ ಏನು ಎಂದು ಧೈರ್ಯವಾಗಿ ಕೇಳಿ. ಚಳಿಜ್ವರ, ಹಳದಿ ಕಣ್ಣು, ಬಲಪಕ್ಕೆಯ ಕೆಳಗೆ ನೋವು ಒಟ್ಟಿಗೆ ಬಂದರಂತೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.