ಕಿಡಿ ಮತ್ತು ಕೇಡು

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ತಿರುಗಿದರೆ ನಮ್ಮೂರು. ಆ ತಿರುವಿನ ಬಸ್ ನಿಲ್ದಾಣದಲ್ಲಿ, ಸಿಮೆಂಟಿನ ಕಟ್ಟೆಯ ಪಕ್ಕ, ಒಂದು ಮರದ ಕಪಾಟಿತ್ತು. ನಿವೃತ್ತರಾಗಿದ್ದ ನಮ್ಮ ಮಾಸ್ತರರು ತಮ್ಮ ಮನೆಯದನ್ನೇ ತಂದು ಇಟ್ಟಿದ್ದರು. ಅದರೊಳಗೆ ನೂರು ಚಿಲ್ಲರೆ ಪುಸ್ತಕ. ಪಕ್ಕದಲ್ಲಿ ಒಂದು ಮಣ್ಣಿನ ಹೂಜಿ, ಒಂದು ಸ್ಟೀಲಿನ ಲೋಟ. ಬೀಗವಿರಲಿಲ್ಲ, ರಿಜಿಸ್ಟರೂ ಇರಲಿಲ್ಲ. ಬಸ್ಸಿಗೆ ಕಾಯುವವರು ತೆಗೆದು ಓದಬಹುದು, ಮುಗಿಯದಿದ್ದರೆ ಮನೆಗೆ ಒಯ್ಯಬಹುದು. ತರಕಾರಿ ಬುಟ್ಟಿ ಇಳಿಸಿ ಹೆಂಗಸರು ನೀರು ಕುಡಿಯುತ್ತಿದ್ದರು. ಕಾಲೇಜಿಗೆ ಹೊರಟ ನಾವು ಅರ್ಧ ಕಥೆ ಓದಿ, ಉಳಿದರ್ಧವನ್ನು ಸಂಜೆ ಬಂದು ಓದುತ್ತಿದ್ದೆವು. ಹೋದ ಪುಸ್ತಕಗಳಲ್ಲಿ ಕೆಲವು ಮರಳಿ ಬರಲಿಲ್ಲ; ಯಾರು ತಂದಿಟ್ಟರೋ ತಿಳಿಯದ ಹೊಸವು ಬಂದವು. ಲೆಕ್ಕ ಹೇಗೋ ಸರಿಹೋಗುತ್ತಿತ್ತು.

ಸುಮಾರು ಹತ್ತು ವರ್ಷದ ಹಿಂದೆ, ಒಂದು ಮಳೆಗಾಲದ ಬೆಳಿಗ್ಗೆ ಹೋಗಿ ನೋಡಿದರೆ ಹೂಜಿ ಚೂರಾಗಿತ್ತು. ಪುಸ್ತಕಗಳನ್ನು ಹರಿದು ಪಕ್ಕದ ಗದ್ದೆಯ ನೀರಿಗೆ ಎಸೆದಿದ್ದರು. ಗೋಡೆಯ ಮೇಲೆ ಇದ್ದಿಲಿನಲ್ಲಿ, ಮಾಸ್ತರರ ಹೆಸರು ಹಿಡಿದು, ಬಾಯಲ್ಲಿ ಹೇಳಲಾಗದ ಮಾತು. ಕಳ್ಳತನವಾಗಿದ್ದರೆ ನಮಗೆ ಅರ್ಥವಾಗುತ್ತಿತ್ತು. ಕಳ್ಳನಿಗೊಂದು ಅಗತ್ಯವೋ ಆಸೆಯೋ ಇರುತ್ತದೆ. ಇಲ್ಲಿ ಲೋಟ ಅಲ್ಲೇ ಬಿದ್ದಿತ್ತು. ಯಾರೂ ಏನನ್ನೂ ಒಯ್ದಿರಲಿಲ್ಲ. ಕೆಡಿಸಬೇಕೆಂದೇ ಕೆಡಿಸಿದ್ದು.

ಮಾಸ್ತರರು ಏನೂ ಅನ್ನಲಿಲ್ಲ. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದು ಸಿಕ್ಕಷ್ಟು ಪುಸ್ತಕ ಎತ್ತಿದರು. ಸುಣ್ಣ ತರಿಸಿ ಗೋಡೆಗೆ ಬಳಿದರು. ಮಧ್ಯಾಹ್ನದ ಬಸ್ಸು ಬರುವುದರೊಳಗೆ ಹೊಸ ಹೂಜಿ ಕೂತಿತ್ತು. ಮೂರು ವಾರ ಕಳೆದು ಮತ್ತೆ ಹಾಗೇ ಆಯಿತು. ಈ ಸಲ ಊರು ಕೂಡಿತು.

ಅಲ್ಲಿ ಎದ್ದ ಮಾತುಗಳು ಇಂಥ ಕಡೆ ಎಲ್ಲೆಲ್ಲೂ ಏಳುವಂಥವೇ. "ಮಾಸ್ತರ್ರೇ, ಬೀಗ ಹಾಕಿ, ಇಲ್ದಿದ್ರೆ ಇದು ನಿಲ್ಲೂದಲ್ಲ" ಎಂದರು ಕೆಲವರು. ಮಾಡಿದವನನ್ನು ಹಿಡಿದು ನಾಲ್ಕು ಬಿಡಬೇಕು ಎಂದರು ಕೆಲವರು. ನಮಗ್ಯಾಕೆ ಉಸಾಬರಿ, ಕಪಾಟು ಮನೆಗೆ ಒಯ್ಯಿರಿ ಎಂದರು ಇನ್ನು ಕೆಲವರು. ಮಾಡಿದವರು ಯಾರು ಎಂಬ ಪ್ರಶ್ನೆ ಬಂದಾಗ ನಾನು ಒಂದು ಮಾತು ಹೇಳಿದೆ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಬಂದು ಊರಂಚಿನಲ್ಲಿ ಶೆಡ್ ಹಾಕಿಕೊಂಡಿದ್ದ ಕುಟುಂಬವೊಂದರ ಹುಡುಗ ಸಂಜೆ ಹೊತ್ತು ಅಲ್ಲಿ ಕೂತು, ಅಕ್ಷರಕ್ಕೆ ಬೆರಳಿಟ್ಟು, ಮಕ್ಕಳ ಪುಸ್ತಕ ಓದುತ್ತಿದ್ದ. "ನಿನ್ನೆ ಸಂಜೆ ಅಂವ ಅಲ್ಲೇ ಕೂತಿದ್ದ" ಎಂದೆ. ಅದು ಸುಳ್ಳಲ್ಲ. ಆದರೆ ಅಷ್ಟೇ ಸಾಕಾಯಿತು. ಯಾರೋ ಶೆಡ್ಡಿಗೆ ಹೋಗಿ ಅವನ ಅಪ್ಪನಿಗೆ ಗದರಿಸಿ ಬಂದರು. ಹುಡುಗ ಮತ್ತೆ ನಿಲ್ದಾಣದ ಕಡೆ ಬರಲಿಲ್ಲ. ಮಾಸ್ತರರು ನನಗೆ ಹೇಳಿದ್ದು ಇಷ್ಟೇ: "ತಮಾ, ನೀ ಕೂತದ್ದ ನೋಡಿದ್ದೆ, ಹರಿದದ್ದನ್ನಲ್ಲ."

ಕಪಾಟಿಗೆ ಬೀಗ ಬಿತ್ತು. ಕೀಲಿ ಎದುರಿನ ಅಂಗಡಿಯಲ್ಲಿ. ಕೇಳಿ, ಹೆಸರು ಬರೆಸಿ, ಪುಸ್ತಕ ತೆಗೆಯಬೇಕು. ಕೇಳುವವರು ದಿನದಿನಕ್ಕೆ ಕಡಿಮೆಯಾದರು. ಮರುವರ್ಷದ ಮಳೆಗಾಲ ಮುಗಿದಮೇಲೆ ಯಾರೋ ಬಾಗಿಲು ತೆಗೆದು ನೋಡಿದರೆ ಒಳಗೆಲ್ಲ ಒರಲೆ. ಮುಟ್ಟಿದರೆ ಪುಸ್ತಕಗಳು ಮಣ್ಣಾಗಿ ಉದುರುತ್ತಿದ್ದವು. ರಾತ್ರಿ ಬಂದವನಿಗೆ ಎರಡು ಸಲ ಪ್ರಯತ್ನಪಟ್ಟರೂ ಆಗದ ಕೆಲಸವನ್ನು ನಾವು ಹಾಕಿದ ಬೀಗ ಮಾಡಿ ಮುಗಿಸಿತ್ತು.

ಮಾಡಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಈಗ ನನ್ನನ್ನು ಕಾಡುವುದು ಆ ಪ್ರಶ್ನೆಯಲ್ಲ. ಬೇಕೆಂದೇ ಮಾಡಿದ ಕೇಡಿಗೆ ಒಂದು ಊರು, ಒಂದು ಸಮುದಾಯ, ಹೇಗೆ ಉತ್ತರ ಕೊಡಬೇಕು? ಕೊಡುವ ಉತ್ತರವೇ ಆ ಕೇಡನ್ನು ಮುಂದುವರಿಸಿದರೆ?

ನಮ್ಮ ಕರಾವಳಿಯಲ್ಲಿ ಗಜನಿ ಗದ್ದೆಗಳಿವೆ. ಭರತದ ಉಪ್ಪುನೀರು ಒಳನುಗ್ಗದಂತೆ ಅಳಿವೆಯಂಚಿನಲ್ಲಿ ಮಣ್ಣಿನ ಕಟ್ಟು ಹಾಕಿ ಬೆಳೆ ತೆಗೆಯುವ ಭೂಮಿ. ಆ ಕಟ್ಟಿನಲ್ಲಿ ಏಡಿ ಬಿಲ ಕೊರೆಯುತ್ತದೆ. ಬಿಲ ಕಂಡ ರೈತ ಏಡಿಯ ಗುಣದ ಬಗ್ಗೆ ಚರ್ಚೆಗೆ ಕೂರುವುದಿಲ್ಲ. ಮುಂದಿನ ಭರತ ಬರುವುದರೊಳಗೆ ಮಣ್ಣು ಮೆತ್ತುತ್ತಾನೆ. ಯಾರ ಗದ್ದೆಯ ಎದುರಿಗಿದೆ ಎಂದೂ ಕೇಳುವಂತಿಲ್ಲ, ಏಕೆಂದರೆ ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಮೊದಲ ಬೆಳಿಗ್ಗೆ ಮಾಸ್ತರರು ಮಾಡಿದ್ದು ಇದನ್ನೇ. ಹೊಸ ಹೂಜಿಯಲ್ಲಿ ಮೊದಲು ನೀರು ಕುಡಿದವರಿಗೆ ಹಳೆಯ ಹೂಜಿ ಒಡೆದದ್ದೇ ಗೊತ್ತಿರಲಿಲ್ಲ. ಕೆಡಿಸಿದವನಿಗೆ ತಾನು ಕೆಡಿಸಿದ್ದನ್ನು ನಾಲ್ಕು ಜನ ನೋಡುವ ಸಂತೋಷವೂ ಸಿಗಲಿಲ್ಲ.

ಆದರೆ ಮನುಷ್ಯ ಏಡಿಯಲ್ಲ. ಅವನಿಗೆ ಬುದ್ಧಿಯಿದೆ, ಆದ್ದರಿಂದ ಹೊಣೆಯೂ ಇದೆ. ರಿಪೇರಿ ಮಾಡಿ ಸುಮ್ಮನಾದರೆ ಅರ್ಧ ನ್ಯಾಯವಷ್ಟೇ ಆಯಿತು. ಉಳಿದರ್ಧದ ಬಗ್ಗೆ ಯೋಚಿಸುವಾಗ ನನಗೆ ಹಂಪಿ ನೆನಪಾಗುತ್ತದೆ.

2019ರ ಫೆಬ್ರವರಿಯಲ್ಲಿ ಒಂದು ವಿಡಿಯೋ ರಾಜ್ಯದಾದ್ಯಂತ ಹರಿದಾಡಿತು. ಹಂಪಿಯ ಗಜಶಾಲೆಯ ಹಿಂದಿರುವ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ನಿಂತ ಕಂಬವನ್ನು ತಳ್ಳಿ ಕೆಡವುವ ದೃಶ್ಯ. ಶತಮಾನಗಳ ಮಳೆಬಿಸಿಲಿಗೆ ಜಗ್ಗದೆ ನಿಂತಿದ್ದ ಕಲ್ಲು ಕ್ಷಣದಲ್ಲಿ ನೆಲಕ್ಕೆ ಬಿತ್ತು. ನಾಲ್ವರ ಬಂಧನವಾಯಿತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆಯಡಿ, 2010ರ ತಿದ್ದುಪಡಿಯ ನಂತರ, 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು. ಜೊತೆಗೆ ಕೆಡವಿದ್ದನ್ನು ಅವರೇ ಎತ್ತಿ ನಿಲ್ಲಿಸಬೇಕೆಂದಿತು. ಪುರಾತತ್ವ ಇಲಾಖೆಯವರ ಸಮ್ಮುಖದಲ್ಲಿ ಅವರು ಅದೇ ಜಾಗಕ್ಕೆ ಹೋಗಿ ಕಂಬ ಎತ್ತಬೇಕಾಯಿತು.

ಈ ತೀರ್ಪು ನನಗೆ ಮುಖ್ಯವಾಗಿ ಕಾಣುವುದು ಅದರ ಎರಡನೆಯ ಭಾಗಕ್ಕೆ. ದಂಡದ ಹಣ ಅಪ್ಪನ ಜೇಬಿನಿಂದಲೂ ಬರಬಹುದು. ಸೆರೆಮನೆ ಮನುಷ್ಯನನ್ನು ತಾನು ಮಾಡಿದ ಕೆಲಸದಿಂದ ದೂರ ಒಯ್ಯುತ್ತದೆ. ಕಂಬ ಎತ್ತುವ ಶಿಕ್ಷೆ ಮಾತ್ರ ಅವನನ್ನು ಮಾಡಿದ ಕೆಲಸದ ಎದುರಿಗೇ ತಂದು ನಿಲ್ಲಿಸುತ್ತದೆ. ತಳ್ಳುವುದಕ್ಕೆ ಒಂದು ಕ್ಷಣ ಸಾಕು. ಎತ್ತುವಾಗಲೇ ಕಲ್ಲಿನ ಭಾರ ತಿಳಿಯುವುದು. ಅವರ ಮನಸ್ಸು ಬದಲಾಯಿತೇ ಎಂದು ಹೇಳಲು ನಾನು ಯಾರು? ಆದರೆ ಕಟ್ಟುವುದಕ್ಕೂ ಕೆಡವುವುದಕ್ಕೂ ಇರುವ ವ್ಯತ್ಯಾಸವನ್ನು ಕೈಗಳಿಗೆ ಕಲಿಸುವ ಶಿಕ್ಷೆ ಬೇರೆ ಯಾವುದಿದೆ?

ಅಷ್ಟಕ್ಕೂ ಕೆಡವಿದ್ದು ಯಾಕೆ? ಅಗಸ್ಟೀನ್ ಎಂಬ ಸಂತ 1,600 ವರ್ಷಗಳ ಹಿಂದೆಯೇ ತನ್ನ ಆತ್ಮಕಥೆಯಲ್ಲಿ ಈ ಪ್ರಶ್ನೆಯನ್ನು ತನಗೇ ಹಾಕಿಕೊಂಡಿದ್ದ. ಹದಿನಾರರ ಪ್ರಾಯದಲ್ಲಿ ಗೆಳೆಯರ ಜೊತೆ ಸೇರಿ ರಾತ್ರಿ ನೆರೆಯವರ ಮರದ ಪೇರ್ ಹಣ್ಣುಗಳನ್ನೆಲ್ಲ ಉದುರಿಸಿದ್ದ. ಹಸಿವಿರಲಿಲ್ಲ, ಹೆಚ್ಚಿನವನ್ನು ಹಂದಿಗಳಿಗೆ ಎಸೆದರು. ಎಷ್ಟೋ ಪುಟ ತನ್ನನ್ನೇ ಕೆದಕಿ ಅವನು ಕಂಡುಕೊಂಡ ಸತ್ಯ ಸಣ್ಣದು: ಒಬ್ಬನೇ ಇದ್ದಿದ್ದರೆ ತಾನು ಅದನ್ನು ಮಾಡುತ್ತಿರಲಿಲ್ಲ. ಗುಂಪಿನಲ್ಲಿ ನಗುವವರಿದ್ದರು, ಅದಕ್ಕೇ ಮಾಡಿದ್ದು. ಹಂಪಿಯ ವಿಡಿಯೋದಲ್ಲೂ ಒಬ್ಬ ತಳ್ಳುತ್ತಾನೆ, ಇನ್ನೊಬ್ಬ ಚಿತ್ರೀಕರಿಸುತ್ತಾನೆ. ನೋಡುವ ಕಣ್ಣಿಲ್ಲದಿದ್ದರೆ ಆ ಕಂಬ ಇನ್ನೂ ನಿಂತಿರುತ್ತಿತ್ತೇನೋ.

ಇಲ್ಲೊಂದು ಆಕ್ಷೇಪ ಬರಬಹುದು. ಒಡೆಯುವುದೆಲ್ಲ ಕೇಡೇ? ನಮ್ಮ ಅಂಕೋಲೆಗೆ ಹೆಸರು ಬಂದದ್ದೇ ಮುರಿದದ್ದರಿಂದ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಕರನಿರಾಕರಣೆಯ ಚಳವಳಿಯಲ್ಲಿ ಈ ತಾಲ್ಲೂಕಿನ ರೈತರು ಸರ್ಕಾರಕ್ಕೆ ಕಂದಾಯ ಕೊಡಲಿಲ್ಲ. ಜಮೀನು ಮುಟ್ಟುಗೋಲಾಯಿತು, ಜೈಲಿಗೆ ಹೋದರು. ಅವರು ಮುರಿದದ್ದು ಕಾಯ್ದೆಯನ್ನು, ಇನ್ನೊಬ್ಬರ ಹೂಜಿಯನ್ನಲ್ಲ. ಹಗಲಿನಲ್ಲಿ ಮುರಿದರು, ಹೆಸರು ಹೇಳಿ ಮುರಿದರು, ಅದಕ್ಕೆ ತೆರಬೇಕಾದ ಬೆಲೆಯನ್ನು ತಾವೇ ತೆತ್ತರು.

ಹಾಗಾದರೆ ಮುಖ ತೋರಿಸಿ ಮಾಡಿದರೆ ಸಾಕೇ? ಹಂಪಿಯ ಹುಡುಗರೂ ಮುಖ ಮುಚ್ಚಿಕೊಂಡಿರಲಿಲ್ಲ. ಹೆಸರು ಹೇಳುವುದರಲ್ಲಿ ಎರಡು ಬಗೆ. ಮೆರೆಯುವುದಕ್ಕೆ ಹೇಳುವುದು ಒಂದು, ಹೊಣೆ ಹೊರುವುದಕ್ಕೆ ಹೇಳುವುದು ಇನ್ನೊಂದು. ಕ್ರಿಸ್ತಪೂರ್ವ 356ರಲ್ಲಿ ಒಬ್ಬ ಮನುಷ್ಯ, ತನ್ನ ಹೆಸರು ಉಳಿಯಬೇಕೆಂಬ ಒಂದೇ ಆಸೆಯಿಂದ, ಎಫೆಸಸ್‌ನ ಆರ್ಟೆಮಿಸ್ ದೇವಾಲಯಕ್ಕೆ ಬೆಂಕಿ ಇಟ್ಟ. ಅವನ ಹೆಸರನ್ನು ಯಾರೂ ಎತ್ತಕೂಡದೆಂದು ಊರಿನವರು ಕಟ್ಟಳೆ ಮಾಡಿದರು. ಆದರೂ ಒಬ್ಬ ಇತಿಹಾಸಕಾರ ಬರೆದಿಟ್ಟ, ಹೆಸರು ಉಳಿಯಿತು. ಆ ಕಟ್ಟಳೆ ಸೋತಿರಬಹುದು, ಅದರ ಹಿಂದಿನ ವಿವೇಕ ಸೋತಿಲ್ಲ. ಕೇಡಿಗೆ ಬೇಕಾದ ಪ್ರೇಕ್ಷಕರನ್ನು ನಾವೇ ಒದಗಿಸಬಾರದು. ಗೋಡೆಯ ಮೇಲಿನ ಕೆಟ್ಟ ಮಾತನ್ನು ಫೋಟೋ ತೆಗೆದು ಊರಿಗೆಲ್ಲ ಕಳಿಸಿ ಛೀಮಾರಿ ಹಾಕುವವನು, ಬರೆದವನಿಗೆ ಸಾಧ್ಯವಾಗದಷ್ಟು ಜನರಿಗೆ ಅದನ್ನು ಓದಿಸುತ್ತಾನೆ. ಅದಕ್ಕಿಂತ ಸುಣ್ಣ ಬಳಿಯುವುದು ಮೇಲು.

ಇದಕ್ಕಿಂತ ಕಷ್ಟದ್ದು ನಮ್ಮನ್ನು ನಾವು ತಡೆದುಕೊಳ್ಳುವುದು. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಅವರ ಗ್ರಂಥಾಲಯ ಸುಟ್ಟುಹೋಯಿತು. ಕೂಲಿ ಮಾಡಿ ಬದುಕುವ, ಸ್ವತಃ ಶಾಲೆ ಕಲಿಯಲಾಗದ ಮನುಷ್ಯ ಹತ್ತು ವರ್ಷ ಕಾಪಾಡಿದ್ದ 11,000ದಷ್ಟು ಪುಸ್ತಕಗಳು ಒಂದು ಬೆಳಗಿನ ಜಾವ ಬೂದಿಯಾದವು. ಕಿಡಿಗೇಡಿಗಳ ಕೃತ್ಯ ಎಂದು ಎಲ್ಲರೂ ಮಾತಾಡಿದೆವು. ಭಾಷೆಯ ದ್ವೇಷವೋ, ಧರ್ಮದ ದ್ವೇಷವೋ ಎಂದು ಊಹೆಗಳು ಹಬ್ಬಿದವು. ಕೆಲವು ದಿನಗಳ ನಂತರ ಪೊಲೀಸರು ಒಬ್ಬನನ್ನು ಬಂಧಿಸಿದರು. ಧೂಮಪಾನಕ್ಕೆ ಹಚ್ಚಿ ಬೇಜವಾಬ್ದಾರಿಯಿಂದ ಎಸೆದ ಬೆಂಕಿ ಹಬ್ಬಿ ಹೀಗಾಯಿತು ಎಂಬುದು ಅವರ ವಿವರಣೆಯಾಗಿತ್ತು.

ಕಿಡಿಗೇಡಿ ಎಂಬ ನಮ್ಮ ಮಾತಿನೊಳಗೆ ಕಿಡಿಯೂ ಕೇಳುತ್ತದೆ, ಕೇಡೂ ಕೇಳುತ್ತದೆ. ಕಿಡಿ ಕಂಡಲ್ಲೆಲ್ಲ ಕೇಡು ಇರಬೇಕೆಂದಿಲ್ಲ. ಸುಟ್ಟ ಪುಸ್ತಕದ ಮುಂದೆ ನಿಂತವನಿಗೆ ಈ ಭೇದ ಹೇಳಿದರೆ ಸಿಟ್ಟು ಬರುತ್ತದೆ ಎಂದು ಬಲ್ಲೆ. ಆದರೆ ಭೇದ ಮಾಡಬೇಕಾದ ಹೊತ್ತೇ ಅದು. ದ್ವೇಷದಿಂದ ಮಾಡಿದ ಎಂದು ನಾವು ನಂಬಿದ ಕ್ಷಣದಿಂದ ನಮ್ಮ ದ್ವೇಷಕ್ಕೆ ಪರವಾನಗಿ ಸಿಗುತ್ತದೆ. ಆ ಪರವಾನಗಿ ಹಿಡಿದು ನಾವು ಹುಡುಕಿಕೊಂಡು ಹೋಗುವುದು ತಪ್ಪು ಮಾಡಿದವನನ್ನಲ್ಲ, ಕೈಗೆ ಸುಲಭವಾಗಿ ಸಿಗುವವನನ್ನು: ಹೊರಗಿನವನನ್ನು, ಬಡವನನ್ನು, ಪರವಾಗಿ ಮಾತಾಡಲು ಯಾರೂ ಇಲ್ಲದವನನ್ನು. ನಮ್ಮೂರಿನಲ್ಲಿ ಶೆಡ್ಡಿನ ಹುಡುಗ ಸಿಕ್ಕ.

ಇಸಾಕ್ ಅವರಿಗೆ ಬಂದ ಉತ್ತರವನ್ನೂ ಹೇಳಬೇಕು. ಅವರು ಮತ್ತೆ ಕಟ್ಟುತ್ತೇನೆ ಎಂದರು. ಎಲ್ಲೆಲ್ಲಿಂದಲೋ ಜನ ಹಣಕ್ಕೆ, ಪುಸ್ತಕಕ್ಕೆ ಮುಂದಾದರು. ಅವರಲ್ಲಿ ಎಷ್ಟೋ ಜನ ಆ ಗ್ರಂಥಾಲಯವನ್ನು ಕಂಡವರೇ ಅಲ್ಲ. ಬೆಂಕಿ ಬೇಕೆಂದೇ ಇಟ್ಟದ್ದೋ, ಆಕಸ್ಮಿಕವೋ ಎಂಬುದು ಇತ್ಯರ್ಥವಾಗುವ ಮೊದಲೇ ಆ ಕೈಗಳು ಚಾಚಿದ್ದವು. ಹಾಗೆ ಕೈ ಚಾಚುವುದಕ್ಕೆ ಅಪರಾಧಿ ಯಾರೆಂದು ತಿಳಿಯಬೇಕಾಗಿರಲಿಲ್ಲ.

ಹೀಗೆ ನೋಡಿದರೆ ಉತ್ತರದಲ್ಲಿ ಒಂದು ಕ್ರಮವಿದೆ. ಮೊದಲು ಬಿಲ ಮುಚ್ಚಬೇಕು, ಎಲ್ಲರೂ ಸೇರಿ, ಭರತ ಬರುವುದರೊಳಗೆ. ಆಮೇಲೆ ಮಾಡಿದವನನ್ನು ಹುಡುಕಬೇಕು. ಪುರಾವೆಯಿಂದ ಹುಡುಕಬೇಕು, ಸಿಕ್ಕರೆ ಕಂಬ ಎತ್ತಿಸಬೇಕು. ಬೀಗ ಎಲ್ಲಕ್ಕಿಂತ ಕೊನೆಗೆ. ನಾವು ಊರವರು ಇದನ್ನು ತಿರುವುಮುರುವು ಮಾಡಿದೆವು. ಮೊದಲು ಬೀಗ, ಆಮೇಲೆ ಅನುಮಾನ, ರಿಪೇರಿ ಮಾತ್ರ ಮಾಸ್ತರರ ಪಾಲಿಗೆ. ಬೀಗ ಯಾವತ್ತೂ ಬೇಡ ಎನ್ನುವಷ್ಟು ಮುಗ್ಧತೆ ನನಗಿಲ್ಲ. ಮತ್ತೆ ಮತ್ತೆ ಕೆಡಿಸುವವನ ಕೈ ಹಿಡಿಯಲೇಬೇಕು. ಆದರೆ ಬೀಗ ಹಾಕುವಾಗ ಲೆಕ್ಕ ತಿಳಿದಿರಬೇಕು. ಅದು ಹೊರಗಿಡುವುದು ಆ ಒಬ್ಬನನ್ನಷ್ಟೇ ಅಲ್ಲ, ಬೆರಳಿಟ್ಟು ಓದುವ ಹುಡುಗನನ್ನೂ, ಕೇಳಲು ಸಂಕೋಚಪಡುವ ಹೆಂಗಸನ್ನೂ.

ಮಾಸ್ತರರು ಈಗಿಲ್ಲ. ಹೆದ್ದಾರಿ ಅಗಲವಾಗಿ ಹಳೆಯ ನಿಲ್ದಾಣ ಹೋಯಿತು, ಶೆಡ್ಡುಗಳೂ ಹೋದವು. ಆ ಹುಡುಗ ಈಗ ಇಪ್ಪತ್ತು ದಾಟಿರಬೇಕು. ಎಲ್ಲಿದ್ದಾನೋ, ಓದು ಮುಂದುವರಿಸಿದನೋ ಬಿಟ್ಟನೋ. ಅವನಲ್ಲಿ ಕ್ಷಮೆ ಕೇಳುವ ದಾರಿ ನನಗಿಲ್ಲ. ಹೊಸ ಹೂಜಿ ತಂದಿಟ್ಟಂತೆ ಸರಿಮಾಡಬಹುದಾದ ಹಾನಿಯಲ್ಲ ಅದು.

ಕಳೆದ ತಿಂಗಳು ಊರಿಗೆ ಹೋದಾಗ ಕಾಲೇಜು ಹುಡುಗರು ಹೊಸ ನಿಲ್ದಾಣದಲ್ಲಿ ಮತ್ತೆ ಒಂದು ಕಪಾಟು ಇಡುವ ಮಾತಾಡುತ್ತಿದ್ದರು. "ಬೀಗ ಹಾಕೂದಾ, ಬೇಡ್ವಾ?" ಎಂದು ನನ್ನನ್ನು ಕೇಳಿದರು. ಬೇಡ ಎಂದೆ. "ಮತ್ತೆ ಯಾರಾದ್ರೂ ಹಾಳು ಮಾಡಿದ್ರೆ?" ಎಂದ ಒಬ್ಬ. ಪೇಟೆಗೆ ಹೋಗಿ ಒಂದು ಡಬ್ಬಿ ಸುಣ್ಣ, ಒಂದು ಬ್ರಷ್ ತಂದು ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟು ಬಂದೆ.