ಪ್ರಬಂಧ ಅಚ್ಚಾಗುವುದು ಯಾರ ಪುಣ್ಯ?

ಇಬ್ಬರು ಲಾರಿ ಚಾಲಕರು. ಬ್ರೇಕ್ ಸರಿಯಿದೆಯೇ ಎಂದು ನೋಡದೆ ಗಾಡಿ ಹೊರಡಿಸಿದವರು ಇಬ್ಬರೂ. ಒಬ್ಬ ಊರು ಸೇರಿ ಉಂಡು ಮಲಗುತ್ತಾನೆ. ಇನ್ನೊಬ್ಬನ ಲಾರಿಗೆ ಅಡ್ಡವಾಗಿ ಮಗುವೊಂದು ಓಡಿಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮೊದಲನೆಯವನ ವಿಷಯ ತಿಳಿದರೆ ಬೇಜವಾಬ್ದಾರಿ ಮನುಷ್ಯ ಎಂದು ಗದರಿ ಸುಮ್ಮನಾಗುತ್ತೇವೆ. ಎರಡನೆಯವನನ್ನು ಜೈಲಿಗೆ ಕಳಿಸುತ್ತೇವೆ. ಅವನಿಗೂ ಮತ್ತೆಂದೂ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಆಗುವುದಿಲ್ಲ. ಇಬ್ಬರ ತಪ್ಪೂ ಒಂದೇ. ಮಗು ಯಾವ ಗಳಿಗೆಯಲ್ಲಿ ರಸ್ತೆಗೆ ಬಂತು ಎಂಬುದಷ್ಟೇ ಬೇರೆ, ಅದು ಯಾರ ಕೈಯಲ್ಲೂ ಇರಲಿಲ್ಲ. ತನ್ನ ಹಿಡಿತದಲ್ಲಿ ಇಲ್ಲದ್ದಕ್ಕೆ ಯಾರನ್ನೂ ದೂರಬಾರದು, ಹೊಗಳಲೂಬಾರದು ಎಂದು ಬಾಯಲ್ಲಿ ಒಪ್ಪುವ ನಾವು ನಿತ್ಯ ನಡೆದುಕೊಳ್ಳುವುದು ಅದಕ್ಕೆ ಉಲ್ಟಾ. ಈ ಗಂಟಿಗೆ 'ನೈತಿಕ ಅದೃಷ್ಟ' ಎಂದು ಹೆಸರಿಟ್ಟವರು ಬ್ರಿಟನ್ನಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್. 1976ರಲ್ಲಿ ಅವರ ಪ್ರಬಂಧಕ್ಕೆ ಉತ್ತರವಾಗಿ ಬರೆದ ಅಮೆರಿಕದ ಥಾಮಸ್ ನಾಗೆಲ್, ಈ ಲಾರಿಯ ಉದಾಹರಣೆ ಕೊಟ್ಟರು. ಅದೃಷ್ಟ ಎಂದರೆ ಇಲ್ಲಿ ಹಣೆಬರಹವಲ್ಲ. ಯಾರೂ ಮೊದಲೇ ಏನನ್ನೂ ಬರೆದಿಟ್ಟಿಲ್ಲ. ಫಲವನ್ನು ನಿರ್ಧರಿಸಿದ ಸಂಗತಿ ಮಾಡಿದವನ ಹತೋಟಿಯಲ್ಲಿ ಇರಲಿಲ್ಲ ಎಂದಷ್ಟೇ ಅರ್ಥ.

ಈ ಚರ್ಚೆ ಸಾಮಾನ್ಯವಾಗಿ ತಪ್ಪು, ಶಿಕ್ಷೆಗಳ ಸುತ್ತಲೇ ಸುತ್ತುತ್ತದೆ. ಹೊಗಳಿಕೆಯ ಕಡೆಗೆ ತಿರುಗಿಸಿದರೆ ಅದು ಹೆಚ್ಚು ಇರಿಸುಮುರಿಸು ಉಂಟುಮಾಡುತ್ತದೆ, ಯಾಕೆಂದರೆ ತನ್ನ ಗೆಲುವಿನಲ್ಲಿ ಅದೃಷ್ಟಕ್ಕೆ ಪಾಲು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅದನ್ನು ಪರೀಕ್ಷಿಸಲು ವಿಜ್ಞಾನ ಪ್ರಬಂಧಗಳ ಪ್ರಕಟಣೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ಎಲ್ಲವೂ ಅರ್ಹತೆಯ ಮೇಲೆ ನಡೆಯುತ್ತದೆ ಎಂಬ ನಂಬಿಕೆಯಿದೆ. ಅದನ್ನು ಕಾಯಲೆಂದೇ ತಜ್ಞರ ಪರಿಶೀಲನೆಯೆಂಬ ಕಾವಲೂ ಇದೆ.

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದ ರೀಡರ್ ಸತ್ಯೇಂದ್ರನಾಥ ಬೋಸ್ ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನ್‌ಗೆ ಒಂದು ಕಾಗದ ಬರೆದರು, ಜೊತೆಗೊಂದು ಪುಟ್ಟ ಪ್ರಬಂಧ. ವಿಕಿರಣದ ಬಗೆಗಿನ ಪ್ಲಾಂಕ್ ನಿಯಮವನ್ನು ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಹಂಗಿಲ್ಲದೆ, ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದರಿಂದಲೇ ಅದರಲ್ಲಿ ಸಾಧಿಸಿದ್ದರು. ಬ್ರಿಟನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಅದನ್ನು ಅಚ್ಚುಮಾಡಿರಲಿಲ್ಲ. ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಹಾಕಿಸಿಕೊಡಿ ಎಂದು ಬೋಸ್ ಕೇಳಿಕೊಂಡಿದ್ದರು. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿಯೊಂದಿಗೆ ಪತ್ರಿಕೆಗೆ ಕಳಿಸಿದರು. ಐನ್‌ಸ್ಟೈನ್ ಬರೆದ ಕಾರ್ಡು ಬೋಸರಿಗೆ ಯೂರೋಪಿಗೆ ಹೋಗಲು ರಜೆ ಕೊಡಿಸಿತು; ಡಾಕ್ಟರೇಟ್ ಇಲ್ಲದ ಅವರು ಮುಂದೆ ಪ್ರಾಧ್ಯಾಪಕರಾದಾಗಲೂ ಆ ಹೆಸರಿನ ಬೆಂಬಲವಿತ್ತು. ಇಂದು ಭೌತಶಾಸ್ತ್ರ ಕಣಗಳನ್ನು ವಿಂಗಡಿಸುವ ಎರಡು ಬಗೆಗಳಲ್ಲಿ ಒಂದು ಅವರ ಹೆಸರಿನಿಂದ 'ಬೋಸಾನ್' ಎನಿಸಿಕೊಂಡಿದೆ. ಕಾಗದ ಓದುವ ವ್ಯವಧಾನ ಐನ್‌ಸ್ಟೈನ್‌ಗೆ ಆ ವಾರ ಇಲ್ಲದಿದ್ದರೆ? ಪ್ರಬಂಧದ ಒಂದಕ್ಷರವೂ ಬದಲಾಗುತ್ತಿರಲಿಲ್ಲ, ಬೋಸರ ಬಾಳು ಪೂರ್ತಿ ಬದಲಾಗುತ್ತಿತ್ತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವೊಂದಿದೆ. ಬೋಸ್ ಅದೇ ವರ್ಷ ಎರಡನೆಯ ಪ್ರಬಂಧ ಕಳಿಸಿದರು. ಐನ್‌ಸ್ಟೈನ್ ಅದನ್ನೂ ಪ್ರಕಟಣೆಗೆ ಕೊಟ್ಟರು, ಆದರೆ ಈ ಬಾರಿ ತಮ್ಮ ಒಪ್ಪಿಗೆಯಿಲ್ಲವೆಂಬ ಟಿಪ್ಪಣಿ ಸೇರಿಸಿದರು. ಆ ಪ್ರಬಂಧದ ಹೆಸರು ಇಂದು ಎಷ್ಟು ಜನರಿಗೆ ಗೊತ್ತು? ಅದೇ ಕೈ, ಅದೇ ಬಾಗಿಲು, ಫಲ ಬೇರೆ. ಹಾಗಾಗಿ ಎಲ್ಲವೂ ಅದೃಷ್ಟ ಎನ್ನುವವರ ಜೊತೆಗೂ ನಾನಿಲ್ಲ. ಬಾಗಿಲು ತೆರೆದದ್ದು ಅದೃಷ್ಟ, ಒಳಗೆ ನಿಂತದ್ದು ವಾದದ ಬಲ. ಬಾಗಿಲು ತೆರೆಯದಿದ್ದಾಗ ಒಳಗೆ ನಿಲ್ಲುವ ಬಲವೇ ಇರಲಿಲ್ಲ ಎಂದು ತೀರ್ಮಾನಿಸುವುದು ಮಾತ್ರ ಅನ್ಯಾಯ. ವೈಜ್ಞಾನಿಕ ಲೋಕ ದಿನವೂ ಮಾಡುವುದು ಅದನ್ನೇ.

ಕಾಲದ ಅದೃಷ್ಟವೂ ಇದೆ. ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅಮೆರಿಕದಲ್ಲಿದ್ದಾಗ, 1970ರಲ್ಲಿ, ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಕಲಕಿದ ಕಪ್ಪುಕುಳಿ ತನ್ನದೇ ಲಯದಲ್ಲಿ ಕಂಪಿಸುತ್ತ, ಬೇಗಬೇಗ ಅಡಗುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ಕಪ್ಪುಕುಳಿ ನಿಜವಾಗಿ ಇದೆಯೇ ಎಂಬುದೇ ಅನುಮಾನವಾಗಿದ್ದ ಕಾಲವದು. ಲೈಗೋ ಉಪಕರಣಗಳು 2015ರ ಸೆಪ್ಟೆಂಬರಿನಲ್ಲಿ ಹಿಡಿದ ಗುರುತ್ವದ ಅಲೆಯ ಕೊನೆಯ ತುದಿಯಲ್ಲಿ ಹೊಂದಿಕೆಯಾದದ್ದು ಆ ಅಡಗುವ ಕಂಪನವೇ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರು ಬದುಕಿದ್ದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಮೆಂಡೆಲ್‌ಗೆ ಅಷ್ಟೂ ಸಿಗಲಿಲ್ಲ. 1866ರಲ್ಲಿ ಅಚ್ಚಾದ ಅವರ ಬಟಾಣಿ ಪ್ರಯೋಗಗಳಿಗೆ ಜಗತ್ತು ಕಣ್ಣು ತೆರೆದದ್ದು 1900ರಲ್ಲಿ, ಅವರು ಸತ್ತು 16 ವರ್ಷ ಕಳೆದ ಮೇಲೆ. ಇಬ್ಬರ ಯೋಗ್ಯತೆಯೂ ಪ್ರಬಂಧ ಬರೆದು ಮುಗಿಸಿದ ದಿನವೇ ಪೂರ್ತಿಯಾಗಿತ್ತು. ಆಮೇಲೆ ಸೇರಿದ್ದೆಲ್ಲ ಲೋಕದ ಕಡೆಯ ಬದಲಾವಣೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಇದು: ಕೊನೆಗೂ ಮೆಂಡೆಲ್ ಗೆದ್ದರಲ್ಲ? ನಿಜವಾದ ಸರಕು ಎಂದಾದರೂ ಹೊರಬೀಳುತ್ತದಲ್ಲ? ಹೊರಬಿದ್ದವರ ಹೆಸರುಗಳನ್ನೇ ಪೋಣಿಸಿ ಕೊಡುವ ಪುರಾವೆ ಇದು. ಹೊರಬೀಳದವರ ಹೆಸರು ನಮಗೆ ಗೊತ್ತಿರಲು ಸಾಧ್ಯವೇ ಇಲ್ಲ. ಸಿದ್ಧವಾದ ಮನಸ್ಸಿಗೇ ಅದೃಷ್ಟ ಒಲಿಯುತ್ತದೆ ಎಂಬರ್ಥದ ಪಾಶ್ಚರ್ ಮಾತನ್ನೂ ಕೆಲವರು ಮುಂದಿಡುತ್ತಾರೆ. ಅವಕಾಶ ಬಂದವರಲ್ಲಿ ಸಿದ್ಧರಿದ್ದವರು ಅದನ್ನು ಬಳಸಿಕೊಂಡರು ಎಂಬುದಕ್ಕೆ ಅದು ಒಪ್ಪುತ್ತದೆ, ಸಿದ್ಧರಾದವರಿಗೆಲ್ಲ ಅವಕಾಶ ಬಂತು ಎಂಬುದಕ್ಕಲ್ಲ.

ಎರಡನೆಯ ಆಕ್ಷೇಪ ಗಟ್ಟಿಯದು. ಹಳೆಯ ಕಥೆಗಳನ್ನು ಆರಿಸಿ ಹೇಳುತ್ತಿದ್ದೀರಿ, ಇಂದಿನ ಪರಿಶೀಲನೆ ಪಳಗಿದೆ ಎನ್ನಬಹುದು. ಅದಕ್ಕೆ ಒಂದು ಪ್ರಯೋಗವೇ ಉತ್ತರ ಕೊಡುತ್ತದೆ. ಕೃತಕ ಬುದ್ಧಿಮತ್ತೆಯ ಪ್ರಮುಖ ಸಮ್ಮೇಳನವಾದ ನಿಪ್ಸ್ 2014ರಲ್ಲಿ ತನಗೆ ಬಂದ ಪ್ರಬಂಧಗಳಲ್ಲಿ 166ನ್ನು ಎರಡು ಪ್ರತ್ಯೇಕ ತಂಡಗಳಿಗೆ ಕೊಟ್ಟಿತು. ಒಂದರ ತೀರ್ಪು ಇನ್ನೊಂದಕ್ಕೆ ಗೊತ್ತಿಲ್ಲ. ಸುಮಾರು ಕಾಲು ಭಾಗದಲ್ಲಿ ತೀರ್ಪು ಬೇರೆ ಬಂತು. ಕಾಲು ಭಾಗ ತಾನೇ ಎಂದು ಸಮಾಧಾನ ಪಡುವ ಮೊದಲು ಲೆಕ್ಕ ಹಾಕಬೇಕು. ಆಯ್ಕೆಯಾಗುವುದೇ ನೂರಕ್ಕೆ 22–23 ಪ್ರಬಂಧ. ಹಾಗಾಗಿ ಒಂದು ತಂಡ ಒಪ್ಪಿದ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಇನ್ನೊಂದು ತಳ್ಳಿಹಾಕಿತ್ತು. ತೀರಾ ಕಳಪೆಯದನ್ನು ಗುರುತಿಸುವುದರಲ್ಲಿ ಎರಡೂ ತಂಡಗಳು ಬಹುಮಟ್ಟಿಗೆ ಒಂದಾಗಿದ್ದವು. ಒಳ್ಳೆಯವುಗಳ ನಡುವೆ ಆರಿಸುವಾಗ ಕೈ ಬೇಕಾದಂತೆ ಓಡಿತ್ತು. ಪರಿಶೀಲನೆ ಕೆಲಸಕ್ಕೆ ಬಾರದ್ದು ಎಂದು ಇದರಿಂದ ಸಾಬೀತಾಗುವುದಿಲ್ಲ. ಜೊಳ್ಳನ್ನು ತೂರುವ ಅದರ ಶಕ್ತಿಯನ್ನು ಕಾಳುಗಳಿಗೆ ದರ್ಜೆ ಹಚ್ಚಲು ಬಳಸುತ್ತಿದ್ದೇವೆ, ಅಷ್ಟೆ.

ಒಂದು ಪ್ರಬಂಧ ತಪ್ಪಿದರೇನಂತೆ, ಜೀವಮಾನದ ನೂರಾರು ಪ್ರಬಂಧಗಳಲ್ಲಿ ಅದೃಷ್ಟ ದುರದೃಷ್ಟಗಳು ಸರಿದೂಗುತ್ತವೆ ಎಂಬ ವಾದವೂ ಇದೆ. ಪ್ರತಿ ಸಲವೂ ಹೊಸದಾಗಿ ಆಟ ಶುರುವಾಗುವಂತಿದ್ದರೆ ಹಾಗಾಗುತ್ತಿತ್ತು. ಇಲ್ಲಿ ಮೊದಲ ಗೆಲುವು ಎರಡನೆಯದಕ್ಕೆ ಶಿಫಾರಸು ಬರೆಯುತ್ತದೆ. ಇದ್ದವರಿಗೇ ಇನ್ನಷ್ಟು ಸೇರುವ ಈ ಚಾಳಿಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ 'ಮ್ಯಾಥ್ಯೂ ಪರಿಣಾಮ' ಎಂದು ವಿವರಿಸಿದ್ದರು. ನೆದರ್ಲೆಂಡ್ಸ್‌ನ ಎಳೆಯ ಸಂಶೋಧಕರ ಅನುದಾನಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಅಳೆದು ತೋರಿಸಿತು. ಗೆರೆಯ ಮೇಲೆ ಕೂದಲೆಳೆಯಲ್ಲಿ ಪಾಸಾದವರು, ಗೆರೆಯ ಕೆಳಗೆ ಕೂದಲೆಳೆಯಲ್ಲಿ ತಪ್ಪಿದವರಿಗಿಂತ ಮುಂದಿನ ಎಂಟು ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು ಅನುದಾನ ಪಡೆದಿದ್ದರು. ತಪ್ಪಿದವರಲ್ಲಿ ಹಲವರು ಮತ್ತೆ ಅರ್ಜಿ ಹಾಕುವುದನ್ನೇ ಬಿಟ್ಟದ್ದೂ ಇದಕ್ಕೆ ಒಂದು ಕಾರಣ. ಗೆರೆಯ ಆಚೀಚೆ ನಿಂತವರ ಯೋಗ್ಯತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಂಟು ವರ್ಷ ಕಳೆಯುವಷ್ಟರಲ್ಲಿ ಇದ್ದಂತೆ ಕಾಣತೊಡಗುತ್ತದೆ.

ನಮ್ಮಲ್ಲಿ ಇಂಥ ಮಾತು ಬಂದ ಕೂಡಲೇ ಯಾರಾದರೂ ಗೀತೆಯನ್ನು ನೆನಪಿಸುತ್ತಾರೆ: ಕೆಲಸ ಮಾಡು, ಫಲ ನಿನ್ನದಲ್ಲ. ಪ್ರಬಂಧ ಬರೆಯುವವನಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ, ಅದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆದರೆ ಅದು ಕೆಲಸ ಮಾಡುವವನಿಗೆ ಹೇಳಿದ್ದು. ನೇಮಕಾತಿಯ ಮೇಜಿನ ಆಚೆ ಕುಳಿತವರು ಅದೇ ಮಾತನ್ನು ಹೊದ್ದುಕೊಂಡು ಜಾರಿಕೊಳ್ಳುವಂತಿಲ್ಲ, ಯಾಕೆಂದರೆ ಅವರು ಎಣಿಸುತ್ತಿರುವುದು ಫಲವನ್ನೇ: ಎಷ್ಟು ಪ್ರಬಂಧ, ಯಾವ ಪತ್ರಿಕೆ, ಎಷ್ಟು ಉಲ್ಲೇಖ. ಅಭ್ಯರ್ಥಿಗೆ ನಿಷ್ಕಾಮ ಕರ್ಮ ಬೋಧಿಸಿ, ಬಡ್ತಿಗೆ ಅಂಕಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯ ತಮಾಷೆ.

ಹಾಗಾದರೆ ಏನು ಮಾಡಬೇಕು? ಒಂದು ಉತ್ತರ ಆಗಲೇ ಜಾರಿಯಲ್ಲಿದೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಅನುದಾನಕ್ಕೆ ಚೀಟಿ ಎತ್ತುವ ಕ್ರಮ ತಂದಿತು. ಮೊದಲು ತಜ್ಞರು ನೋಡಿ ಅರ್ಹರನ್ನು ಬೇರ್ಪಡಿಸುತ್ತಾರೆ, ಆಮೇಲೆ ಅರ್ಹರ ನಡುವೆ ಮಾತ್ರ ಚೀಟಿ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ತಜ್ಞರಿಗೆ ಬೇರ್ಪಡಿಸಲಾಗದ ಅರ್ಜಿಗಳಿಗೆ ಇದನ್ನೇ ಒಪ್ಪಿಕೊಂಡಿದೆ. ಇದು ಬುದ್ಧಿಗೆ ಮಾಡುವ ಅವಮಾನ ಎಂದು ಸಿಡುಕುವವರಿದ್ದಾರೆ. ಅವರ ಮಾತಿನಲ್ಲಿ ಒಂದು ಹುರುಳಿದೆ: ಕಾರಣ ಕೊಡಬೇಕಾದ ಕಡೆ ಚೀಟಿ ಎತ್ತುವುದು ಹೊಣೆಗೇಡಿತನವೇ. ಕಾರಣಗಳು ಮುಗಿದ ಮೇಲೆ ಎತ್ತುವ ಚೀಟಿ ಹಾಗಲ್ಲ. ಈಗ ತಿರಸ್ಕಾರದ ಪತ್ರ ಬರೆಯುವವರು ಇಲ್ಲದ ಕಾರಣವನ್ನು ಹುಡುಕಿ ತರಬೇಕು. 'ಹೊಸತನ ಸಾಲದು', 'ವ್ಯಾಪ್ತಿ ಕಿರಿದು'. ಅದನ್ನು ಓದಿದ ಎಳೆಯ ಸಂಶೋಧಕಿ ಇಲ್ಲದ ದೋಷವನ್ನು ತನ್ನ ಕೆಲಸದಲ್ಲಿ ತಿಂಗಳುಗಟ್ಟಲೆ ಹುಡುಕುತ್ತಾಳೆ. ಚೀಟಿ ಎತ್ತುವ ಸಂಸ್ಥೆ, ನಿಮ್ಮ ಯೋಜನೆ ಅರ್ಹವಾಗಿತ್ತು, ಚೀಟಿಯಲ್ಲಿ ನಿಮ್ಮ ಹೆಸರು ಬರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಬಹುದು. ಹೆಸರು ಬಂದವರಿಗೆ ಹೋಗುವ ಪತ್ರದಲ್ಲೂ ಅದೇ ವಾಕ್ಯ ಇರಬೇಕು, ಒಂದು ಪದವಷ್ಟೇ ಬೇರೆ.